ನಾಕ್‌ಔಟ್ ಇಲಿಗಳಲ್ಲಿ (ಒಂದು ಜೀನ್ ಅನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ) ಪಾರ್ಶ್ವವಾಯುವಿನ ಹಾನಿ ಕಡಿಮೆ ಕಂಡಿದೆ; ಇಲಿಗಳ ಸಂಖ್ಯೆ ಹೆಚ್ಚಿಸಿದರೆ ಫಲಿತಾಂಶ ಖಚಿತವಾಗುತ್ತದೆಯೇ?

ಆಗುವುದಿಲ್ಲ. ಸಂಖ್ಯೆ ಹೆಚ್ಚಿದಷ್ಟೂ ತಪ್ಪು ತೀರ್ಮಾನವೇ ಗಟ್ಟಿಯಾಗುತ್ತದೆ ಎಂಬುದು ನನ್ನ ಅನುಭವ. ನಮ್ಮ ನಾಕ್‌ಔಟ್ ಇಲಿಗಳನ್ನು ‘129’ ಎಂಬ ಪ್ರಯೋಗಾಲಯದ ತಳಿಯ ಕಾಂಡಕೋಶಗಳಿಂದ ರೂಪಿಸಿ, ಬಳಿಕ ಬ್ಲ್ಯಾಕ್-6 ಎಂಬ ಇನ್ನೊಂದು ತಳಿಯೊಡನೆ ಸಂಕರಗೊಳಿಸಲಾಗಿತ್ತು. ಕತ್ತಿನ ಶೀರ್ಷಧಮನಿಯ ಮೂಲಕ ನೈಲಾನ್ ಎಳೆ ತೂರಿಸಿ, ಮಿದುಳಿನ ಮಧ್ಯ ಧಮನಿಯ ಬಾಯಿ ಮುಚ್ಚಿ ಪಾರ್ಶ್ವವಾಯು ಉಂಟುಮಾಡಿ, ಮರುದಿನ ಮಿದುಳಿನ ಹೋಳುಗಳನ್ನು ಟಿಟಿಸಿ ದ್ರಾವಣದಲ್ಲಿ ಅದ್ದುತ್ತಿದ್ದೆವು. ಬದುಕಿರುವ ಭಾಗ ಕೆಂಪೇರುತ್ತದೆ, ಸತ್ತದ್ದು ಬಿಳಿಯಾಗಿಯೇ ಉಳಿಯುತ್ತದೆ. ನಾಕ್‌ಔಟ್‌ಗಳಲ್ಲಿ ಬಿಳಿ ಭಾಗ ಎದ್ದು ಕಾಣುವಷ್ಟು ಕಡಿಮೆಯಿದ್ದುದರಿಂದ, ಈ ಜೀನ್ ನರಕೋಶಗಳ ಸಾವಿಗೆ ಕಾರಣವೆಂದು ಪ್ರಬಂಧವನ್ನೇ ಬರೆದುಬಿಟ್ಟೆ.

ಎಡವಿದ್ದು ಹೋಲಿಕೆಯ ಗುಂಪಿನಲ್ಲಿ. ಅದೇ ಮಿಶ್ರ ತಳಿಯ, ಆದರೆ ಜೀನ್ ಕೆಡದ ಒಡಹುಟ್ಟಿದ ಇಲಿಗಳನ್ನು ಬಳಸಲು ಹೆಚ್ಚು ಪಂಜರ, ಹೆಚ್ಚು ಕಾಲ ಬೇಕಾಗುತ್ತದೆಂದು ಶುದ್ಧ ಬ್ಲ್ಯಾಕ್-6 ಇಲಿಗಳನ್ನು ಹೊರಗಿನಿಂದ ತರಿಸಿದ್ದೆ. ಈ ತಳಿಯಲ್ಲಿ ಮಿದುಳಿನ ಮುಂದಿನ ಮತ್ತು ಹಿಂದಿನ ರಕ್ತಸಂಚಾರವನ್ನು ಜೋಡಿಸುವ ಹಿಂಬದಿಯ ಸಂಪರ್ಕ ಧಮನಿ ಅನೇಕ ವೇಳೆ ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ನಾವು ತೂರಿಸುವ ಎಳೆ ಮಧ್ಯ ಧಮನಿಯನ್ನಷ್ಟೇ ಮುಚ್ಚುವುದಿಲ್ಲ, ಅದರ ಮೈ ಈ ಕೊಂಡಿ ಕವಲೊಡೆಯುವ ಜಾಗಕ್ಕೂ ಅಡ್ಡವಾಗಿರುತ್ತದೆ. ಕೊಂಡಿ ದಪ್ಪಗಿದ್ದರೆ ಹಿಂದಿನಿಂದ ರಕ್ತ ಹರಿದುಬಂದು ಆ ಭಾಗವನ್ನು ಉಳಿಸುತ್ತದೆ. ಇಲ್ಲದಿದ್ದರೆ ಮಿದುಳಿನ ಒಳಭಾಗಗಳಾದ ಹಿಪೊಕ್ಯಾಂಪಸ್ ಮತ್ತು ಥಾಲಮಸ್ ಕೂಡ ಹಾನಿಗೊಳ್ಳುತ್ತವೆ. ಹೋಲಿಕೆಯ ಇಲಿಗಳಲ್ಲಿ ಹಿಪೊಕ್ಯಾಂಪಸ್ ಬೆಳ್ಳಗಾಗಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ಮಧ್ಯ ಧಮನಿಯ ವ್ಯಾಪ್ತಿಯಲ್ಲವೇ ಅಲ್ಲ! ಆದರೂ ಒಟ್ಟು ಗಾಯದ ಲೆಕ್ಕಕ್ಕೆ ಸೇರಿಸಿದೆ. ವಿಮರ್ಶಕರೊಬ್ಬರು ರಕ್ತನಾಳಗಳ ಚಿತ್ರ ಕೇಳಿದ ಮೇಲೆ ಹೃದಯದ ಮೂಲಕ ಕಪ್ಪು ಶಾಯಿ ಹರಿಸಿ ನೋಡಿದೆವು: ನಾಕ್‌ಔಟ್‌ಗಳ ಕೊಂಡಿ ಸ್ಪಷ್ಟ ಕಪ್ಪು ಗೆರೆಯಾಗಿ ಕಂಡಿತು, ಉಳಿದವುಗಳಲ್ಲಿ ಹುಡುಕಬೇಕಾಯಿತು. ಒಡಹುಟ್ಟಿದ ಇಲಿಗಳೊಡನೆ ಹೋಲಿಸಿದಾಗ ವ್ಯತ್ಯಾಸವೇ ಮಾಯವಾಗಿ, ಪ್ರಬಂಧ ಮೂಲೆ ಸೇರಿತು.

ಇಷ್ಟಕ್ಕೂ, ಹಾನಿಯಲ್ಲಿ ಕಾಣುವ ತಳಿಭೇದಕ್ಕೆ ಮಿದುಳಿನ ರಕ್ತನಾಳಗಳ ರಚನೆ ಕಾರಣವೆಂದು ಬರೋನ್ ಮತ್ತು ಸಂಗಡಿಗರು 1993ರಲ್ಲೇ ತೋರಿಸಿದ್ದರು. ಹಾಗೆಂದು ಬ್ಲ್ಯಾಕ್-6 ದುರ್ಬಲ ತಳಿಯೆಂದು ತಿಳಿಯಬೇಡಿ. ಮಧ್ಯ ಧಮನಿಯನ್ನು ಮಿದುಳಿನ ಮೇಲ್ಮೈಯಲ್ಲಿ ಶಾಶ್ವತವಾಗಿ ಮುಚ್ಚಿದರೆ ಇದೇ ತಳಿಯ ಗಾಯ ಚಿಕ್ಕದಾಗಿರುತ್ತದೆ, ಏಕೆಂದರೆ ಅಲ್ಲಿ ನೆರೆಯ ಧಮನಿಗಳನ್ನು ಬೆಸೆಯುವ ಅಡ್ಡನಾಳಗಳು ಅದಕ್ಕೆ ಹೇರಳವಾಗಿವೆ. ಬಾಲ್ಬ್-ಸಿ ತಳಿಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸದ ಬಹುಪಾಲನ್ನು 7ನೆಯ ವರ್ಣತಂತುವಿನ ರಾಬೆಪ್2 ಜೀನ್ ನಿರ್ಧರಿಸುತ್ತದೆಂದು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಫೇಬರ್ ಅವರ ತಂಡ 2016ರಲ್ಲಿ ವರದಿ ಮಾಡಿತು.

ಆದ್ದರಿಂದ ಹೊಸ ಇಲಿಗಳನ್ನು ತರಿಸುವ ಮೊದಲು ಇರುವ ಒಡಹುಟ್ಟಿದವುಗಳಿಗೆ ಶಾಯಿ ಹರಿಸಿ ನೋಡಿ. ಅಲ್ಲಿಯೂ ನಾಳಗಳು ಭಿನ್ನವಾಗಿದ್ದರೆ, ನಿಮ್ಮ ಜೀನ್ ಭ್ರೂಣಾವಸ್ಥೆಯಲ್ಲಿ ಅಡ್ಡನಾಳಗಳ ರಚನೆಯನ್ನೇ ಬದಲಿಸಿರಬಹುದು, ಅಥವಾ ಅದರ ಅಕ್ಕಪಕ್ಕದ 129 ತಳಿಯ ಡಿಎನ್‌ಎ ತುಣುಕು ಸಂಕರದ ನಂತರವೂ ಉಳಿದಿರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ನರಕೋಶದ ರಕ್ಷಣೆ ಎಂಬ ಮಾತನ್ನು ಈಗಲೇ ಬರೆಯಬೇಡಿ.