ಪ್ರೀಕ್ವೆಲ್ ಸರಣಿಯನ್ನು ಮೊದಲು ನೋಡಬಹುದೇ? ಅವು ಮೂಲ ಸರಣಿಗೆ ಯಾಕೆ ತಾಳೆಯಾಗುವುದಿಲ್ಲ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇವೆ. ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಕಥೆಗಳ ಟಿವಿ ಸರಣಿಗಳಲ್ಲಿ ಒಂದನ್ನೂ ನೋಡಿಲ್ಲ, ಕಥೆಯ ಕಾಲದ ಲೆಕ್ಕದಲ್ಲಿ ‘ಎಂಟರ್‌ಪ್ರೈಸ್’ ಹಿಂದಿನದು, ಹಾಗಾಗಿ ಅಲ್ಲಿಂದಲೇ ಶುರು ಮಾಡಲೇ ಎಂಬುದು ಒಂದು. ಪ್ರೀಕ್ವೆಲ್‌ಗಳು, ಅಂದರೆ ಆಮೇಲೆ ತಯಾರಾಗಿ ಹಿಂದಿನ ಕಾಲದ ಕಥೆ ಹೇಳುವ ಸರಣಿಗಳು, ಮೂಲಕ್ಕೆ ತಾಳೆಯಾಗುವುದಿಲ್ಲ ಎಂದು ಅಭಿಮಾನಿಗಳು ಜಗಳವಾಡುವುದೇಕೆ ಎಂಬುದು ಇನ್ನೊಂದು.

ಅಲ್ಲಿಂದ ಶುರು ಮಾಡಬೇಡಿ. ಪ್ರಸಾರವಾದ ಕ್ರಮದಲ್ಲೇ ನೋಡಿ. ಕಥೆ ಹಿಂದಿನ ಕಾಲದ್ದಾದರೂ, ಪ್ರೀಕ್ವೆಲ್ ಬರೆಯುವವರು ಮುಂದಿನದನ್ನೆಲ್ಲ ನೋಡಿ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾರೆ. ಎಂಟರ್‌ಪ್ರೈಸ್‌ನ ಎರಡನೇ ಸೀಸನ್ನಿನ ‘ರೀಜನರೇಶನ್’ (2003) ಎಂಬ ಕಂತನ್ನೇ ನೋಡಿ. ಉತ್ತರ ಧ್ರುವದ ಹಿಮದಲ್ಲಿ ಸಂಶೋಧಕರಿಗೆ ಅರ್ಧ ಯಂತ್ರ, ಅರ್ಧ ಜೀವಿಯಂಥ ದೇಹಗಳು ಸಿಗುತ್ತವೆ. ಇಡೀ ಕಂತಿನಲ್ಲಿ ಯಾರೂ ಅವುಗಳ ಹೆಸರು ಹೇಳುವುದಿಲ್ಲ. ಅವು ಅಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಲು 1996ರ ‘ಫಸ್ಟ್ ಕಾಂಟ್ಯಾಕ್ಟ್’ ಚಿತ್ರ ನೋಡಿರಬೇಕು. ಅವು ಕಳಿಸಿದ ಸಂದೇಶ ಗುರಿ ಮುಟ್ಟಲು ಕನಿಷ್ಠ 200 ವರ್ಷ ಬೇಕು ಎಂಬ ಮಾತು ಕೊನೆಯಲ್ಲಿ ಬರುತ್ತದೆ. ಅವು ಬೋರ್ಗ್‌ಗಳು, ಮುಂದಿನ ಕಾಲದ ಭಯಂಕರ ಶತ್ರು ಎಂದು ಬಲ್ಲವರಿಗೆ ಆ ಮಾತು ಕೇಳಿ ಎದೆ ಝಲ್ಲೆನ್ನುತ್ತದೆ. ಹೊಸಬರಿಗೆ ಅದೊಂದು ಸಾಮಾನ್ಯ ಬೇಟೆಯ ಕಥೆ, ಅಷ್ಟೆ.

ಇನ್ನು ತಾಳೆಯ ವಿಷಯ. ಮೂಲ ಸರಣಿ 1966ರಿಂದ 1969ರವರೆಗೆ ಬಂದದ್ದು. ಅದರ ನಿಯಂತ್ರಣ ಕೊಠಡಿಯ ತುಂಬ ಬಣ್ಣದ ದೀಪಗಳು, ಗುಂಡಿಗಳು. ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನ ಕಥೆಯನ್ನು 2001ರಲ್ಲಿ ಚಿತ್ರಿಸುವವರು ಅದಕ್ಕೂ ಹಳೆಯದಾಗಿ ಕಾಣುವ ಹಡಗು ಕಟ್ಟಿದರೆ ನೋಡುಗರು ಒಪ್ಪುವುದಿಲ್ಲ ಎಂಬ ವಾದವಿದೆ. ಎಂಟರ್‌ಪ್ರೈಸ್ ತಂಡ ನೋಟವನ್ನು ಹೊಸದಾಗಿಯೇ ಇಟ್ಟು, ಸಾಮರ್ಥ್ಯವನ್ನು ಕಳೆಯುವ ದಾರಿ ಹಿಡಿಯಿತು. ಹಡಗಿಗೆ ರಕ್ಷಾಕವಚ ಇಲ್ಲ, ಹೊರಮೈಯ ತಗಡಿಗೆ ವಿದ್ಯುತ್ ಹಾಯಿಸಿ ಗಟ್ಟಿ ಮಾಡುತ್ತಾರೆ. ಎಳೆಯುವ ಕಿರಣ ಇಲ್ಲ, ಕೊಕ್ಕೆ ಕಟ್ಟಿದ ಹಗ್ಗ ಹಾರಿಸುತ್ತಾರೆ. ಮನುಷ್ಯರನ್ನು ಕ್ಷಣದಲ್ಲಿ ಬೇರೆಡೆಗೆ ಕಳಿಸುವ ಯಂತ್ರ ಟ್ರಾನ್ಸ್‌ಪೋರ್ಟರ್ ಇದ್ದರೂ ಅದರಲ್ಲಿ ಹೋಗಲು ಎಲ್ಲರಿಗೂ ಭಯ. ಭಾಷಾಂತರ ಯಂತ್ರವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ, ಅದಕ್ಕೇ ಹೋಶಿ ಸಾಟೊ ಎಂಬ ಭಾಷಾತಜ್ಞೆ ಹಡಗಿನಲ್ಲಿದ್ದಾಳೆ.

ಯೋಚನೆ ಚೆನ್ನಾಗಿತ್ತು, ಕೈಜಾರಿದ್ದು ಬರವಣಿಗೆಯಲ್ಲಿ. ಹೊರಮೈಯ ಬಲ ಶೇಕಡಾ ಇಷ್ಟಕ್ಕೆ ಇಳಿಯಿತು ಎಂದು ಕೂಗುವ ದೃಶ್ಯಗಳು ಬೇಗನೇ ಬಂದುಬಿಟ್ಟವು. ಹೆಸರು ಬೇರೆಯಾದರೂ ಕೆಲಸ ಹಳೆಯ ರಕ್ಷಾಕವಚದ್ದೇ. ಸಲಕರಣೆ ಇಲ್ಲದ ಕಾಲ ಎಂದ ಮೇಲೆ ಆ ಕೊರತೆಯಿಂದ ಕಥೆ ಹುಟ್ಟಬೇಕು. ಮೊದಲ ಎರಡು ಸೀಸನ್ ಅನೇಕರಿಗೆ ಸಪ್ಪೆ ಅನ್ನಿಸಲು ನನ್ನ ಪ್ರಕಾರ ಇದೇ ಮುಖ್ಯ ಕಾರಣ.

ಎರಡನೇ ತೊಡಕು ಅನ್ಯಗ್ರಹದವರ ಜೊತೆಗಿನ ‘ಮೊದಲ ಭೇಟಿ’ಗಳದ್ದು, ಇದು ಇನ್ನೂ ಸೂಕ್ಷ್ಮ. 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತಿನ ಪ್ರಕಾರ, ನೂರು ವರ್ಷದ ಹಿಂದೆ ರೋಮ್ಯುಲನ್ನರು ಎಂಬ ಅನ್ಯಗ್ರಹ ಜನಾಂಗದ ಜೊತೆ ಯುದ್ಧವಾಗಿದ್ದರೂ ಮನುಷ್ಯರಾರೂ ಅವರ ಮುಖ ನೋಡಿಲ್ಲ. ಆ ಒಂದು ಸಾಲು ಮುಂದಿನ ಬರಹಗಾರರ ಕೈ ಕಟ್ಟಿಹಾಕಿತು. ಎಂಟರ್‌ಪ್ರೈಸ್‌ನ ‘ಮೈನ್‌ಫೀಲ್ಡ್’ (2002) ಕಂತಿನಲ್ಲಿ ರೋಮ್ಯುಲನ್ನರ ದನಿ ಮಾತ್ರ ಕೇಳಿಸಿ ನಿಯಮ ಉಳಿಸಿಕೊಂಡರು. ಆದರೆ ಅದೇ ಕಂತಿನಲ್ಲಿ ಅವರ ಹಡಗು ಮಾಯವಾಗುತ್ತದೆ. ಮೂಲ ಸರಣಿಯಲ್ಲೋ, ಅದೃಶ್ಯವಾಗುವ ಹಡಗು ತತ್ವದ ಮಟ್ಟದಲ್ಲಷ್ಟೇ ಸಾಧ್ಯ ಎಂಬಂತೆ ಹಡಗಿನ ಅಧಿಕಾರಿ ಸ್ಪಾಕ್ ಮಾತಾಡುತ್ತಾನೆ. ಒಂದು ನಿಯಮ ಕಾಯಲು ಹೋಗಿ ಇನ್ನೊಂದನ್ನು ಮುರಿದರು. ನಾಲ್ಕನೇ ಸೀಸನ್ನಿನಲ್ಲಿ ‘ಬೇಬಲ್ ಒನ್’ನಿಂದ ಶುರುವಾಗುವ ಮೂರು ಕಂತುಗಳು ಇದನ್ನು ಜಾಣತನದಿಂದ ಬಿಡಿಸಿವೆ. ರೋಮ್ಯುಲನ್ನರು ಹಡಗನ್ನು ದೂರದಿಂದಲೇ ನಡೆಸುತ್ತಾರೆ. ಅವರ ಮುಖ ನಮಗೆ ಕಾಣುತ್ತದೆ, ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಆರ್ಚರ್‌ಗೆ ಕಾಣುವುದಿಲ್ಲ.

ಕ್ಲಿಂಗನ್ನರು ಎಂಬ ಇನ್ನೊಂದು ಅನ್ಯಗ್ರಹ ಜನಾಂಗದ ಹಣೆಯ ಕಥೆಯೂ ಇಂಥದ್ದೇ. 1960ರ ದಶಕದಲ್ಲಿ ಅವರ ಹಣೆ ನಮ್ಮಂತೆ ನುಣುಪು. 1979ರ ಸ್ಟಾರ್ ಟ್ರೆಕ್ ಚಿತ್ರದಿಂದ ಮುಂದೆ ಏಣು. ಕಾರಣ ಮೇಕಪ್ಪಿನ ಖರ್ಚು ಎಂದು ಬಿಟ್ಟುಬಿಡಬಹುದಿತ್ತು. 2005ರ ‘ಅಫ್ಲಿಕ್ಷನ್’, ‘ಡೈವರ್ಜೆನ್ಸ್’ ಕಂತುಗಳು ಅದಕ್ಕೊಂದು ರೋಗದ ಕಾರಣ ಹೊಸೆದವು. ನನಗೆ ಇದು ಅತಿ ಅನ್ನಿಸುತ್ತದೆ, ವಿವರಣೆಯೇ ಬೇಕಿರಲಿಲ್ಲ. ಕಥೆ ಮಾತ್ರ ಚೆನ್ನಾಗಿದೆ.

ಮೂರನೆಯದು ಕೊನೆ ಗೊತ್ತಿರುವ ಕಷ್ಟ. ಇದನ್ನು ಮೀರಿದವರೇ ಒಳ್ಳೆಯ ಪ್ರೀಕ್ವೆಲ್ ಮಾಡಿದ್ದಾರೆ. ಕ್ಯಾಪ್ಟನ್ ಪೈಕ್‌ನನ್ನು ನೋಡಿ. ಸ್ಟಾರ್ ಟ್ರೆಕ್‌ನ ಮೊದಲ ಪೈಲಟ್, ಅಂದರೆ ವಾಹಿನಿಗೆ ತೋರಿಸಲು ಮಾಡಿದ ಮಾದರಿ ಕಂತು, ‘ದ ಕೇಜ್’ನಲ್ಲಿ ನಾಯಕ ಅವನೇ. ವಾಹಿನಿ ಆ ಪೈಲಟ್ಟನ್ನು ಒಪ್ಪಲಿಲ್ಲ. 1966ರಲ್ಲಿ ಅದರ ದೃಶ್ಯಗಳನ್ನು ‘ದ ಮೆನಾಜರಿ’ ಎಂಬ ಜೋಡಿ ಕಂತಿನೊಳಗೆ ಸೇರಿಸಿದರು. ಅಲ್ಲಿ ಪೈಕ್ ಮುಖ ಸುಟ್ಟು, ಮಾತು ಹೋಗಿ, ಕುರ್ಚಿಯಲ್ಲಿ ಕೂತು ದೀಪ ಮಿನುಗಿಸಿ ಹೌದು, ಇಲ್ಲ ಎನ್ನುವ ಸ್ಥಿತಿಯಲ್ಲಿದ್ದಾನೆ. ಐವತ್ತಕ್ಕೂ ಹೆಚ್ಚು ವರ್ಷದ ನಂತರ ಇನ್ನೊಂದು ಪ್ರೀಕ್ವೆಲ್ ಸರಣಿ ‘ಡಿಸ್ಕವರಿ’ಯ ಎರಡನೇ ಸೀಸನ್ (2019) ಆ ಭವಿಷ್ಯವನ್ನು ಪೈಕ್‌ಗೇ ತೋರಿಸಿತು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ (2022ರಿಂದ) ನಿಂತಿರುವುದು ಅದರ ಮೇಲೆಯೇ. ಅವನಿಗೆ ಏನಾಗುತ್ತದೆ ಎಂದು ನಮಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದೂ ಹೇಗೆ ಬದುಕುತ್ತಾನೆ ಎಂಬುದೇ ಕಥೆ. ಮೊದಲ ಸೀಸನ್ನಿನ ಕೊನೆಯ ಕಂತು ನೇರವಾಗಿ ‘ಬ್ಯಾಲೆನ್ಸ್ ಆಫ್ ಟೆರರ್’ನೊಳಗೇ ಕಾಲಿಡುತ್ತದೆ. ಆ ಹಳೆಯ ಕಂತು ನೋಡದೆ ಇದನ್ನು ನೋಡಿದರೆ ಅರ್ಧ ರುಚಿ ಕಳೆದುಕೊಂಡಂತೆ.

ಸ್ಟಾರ್ ವಾರ್ಸ್‌ನ ‘ಆಂಡೋರ್’ ಹಿಡಿದದ್ದೂ ಇದೇ ದಾರಿ. ಅದರ ಮುಂದಿನ ಕಥೆಯಾದ 2016ರ ‘ರೋಗ್ ಒನ್’ ಚಿತ್ರ ನೋಡಿದವರಿಗೆ ನಾಯಕನ ಅಂತ್ಯ ಗೊತ್ತು. ಆದ್ದರಿಂದ 24 ಕಂತುಗಳ ಗಮನವೆಲ್ಲ ಒಬ್ಬ ಸಾಮಾನ್ಯ ಮನುಷ್ಯ ಬಂಡಾಯಕ್ಕೆ ಇಳಿಯುವುದು ಹೇಗೆ ಎಂಬುದರ ಮೇಲೆ. ಎರಡನೇ ಸೀಸನ್ ಮೂರು ಮೂರು ಕಂತುಗಳ ನಾಲ್ಕು ಗುಂಪಾಗಿ, ಗುಂಪಿಗೆ ಒಂದು ವರ್ಷದಂತೆ ಜಿಗಿಯುತ್ತದೆ. ಒಂದು ಗುಂಪನ್ನು ಒಮ್ಮೆಗೇ ನೋಡಿ, ಮಧ್ಯೆ ನಿಲ್ಲಿಸಬೇಡಿ.

ಡಿಸ್ಕವರಿಯ ಕಷ್ಟ ಬೇರೆ. ಮೂಲ ಸರಣಿಯ ನಾಯಕ ಕರ್ಕ್‌ಗಿಂತ ಹತ್ತೇ ವರ್ಷ ಹಿಂದಿನ ಕಥೆಗೆ ಕ್ಷಣದಲ್ಲಿ ಎಲ್ಲಿಗೆ ಬೇಕಾದರೂ ಹೋಗುವ ಎಂಜಿನ್ ಕೊಟ್ಟರು, ಸ್ಪಾಕ್‌ಗೆ ಅವನೆಂದೂ ಹೇಳಿರದ ಸಾಕು ಅಕ್ಕನನ್ನು ಕೊಟ್ಟರು. ಮುಂದಿನ ಕಾಲದವರ ಬಾಯಲ್ಲಿ ಇವೆರಡರ ಸುದ್ದಿಯೇ ಇಲ್ಲವಲ್ಲ? ಎರಡನೇ ಸೀಸನ್ನಿನ ಕೊನೆಗೆ ಹಡಗನ್ನು 900 ವರ್ಷಕ್ಕೂ ಮುಂದಕ್ಕೆ ಕಳಿಸಿ, ಹಿಂದೆ ಉಳಿದವರು ಅದರ ಮಾತೆತ್ತಬಾರದು ಎಂದು ನಿರ್ಧರಿಸಿ ಬಾಗಿಲು ಹಾಕಿದರು. ಈ ಪರಿಹಾರ ಕಥೆಯಿಂದ ಸಹಜವಾಗಿ ಬಂದದ್ದಲ್ಲ, ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ನೋಡುವ ಕ್ರಮಕ್ಕೆ ಬರೋಣ. ಮೂಲ ಸರಣಿಯ 79 ಕಂತು ನೋಡುವ ತಾಳ್ಮೆ ಇಲ್ಲದಿದ್ದರೆ ಹತ್ತು ಸಾಕು: ‘ದ ಮೆನಾಜರಿ’ಯ ಎರಡೂ ಭಾಗ, ‘ಬ್ಯಾಲೆನ್ಸ್ ಆಫ್ ಟೆರರ್’, ‘ಅರೀನಾ’, ‘ಸ್ಪೇಸ್ ಸೀಡ್’, ‘ಎರಂಡ್ ಆಫ್ ಮರ್ಸಿ’, ‘ಅಮೋಕ್ ಟೈಮ್’, ‘ಮಿರರ್, ಮಿರರ್’, ‘ಜರ್ನಿ ಟು ಬೇಬಲ್’, ‘ದ ಥೋಲಿಯನ್ ವೆಬ್’. ತಲಾ ಸುಮಾರು 50 ನಿಮಿಷ. ಆಮೇಲೆ ಡಿಸ್ಕವರಿಯ ಎರಡನೇ ಸೀಸನ್ನಿನ 14 ಕಂತು, ಅಲ್ಲಿಂದ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್. ಡಿಸ್ಕವರಿಯ ಮೊದಲ ಸೀಸನ್ ಬಿಟ್ಟರೂ ಪೈಕ್‌ನ ಕಥೆ ಅರ್ಥವಾಗುತ್ತದೆ, ಏಕೆಂದರೆ ಅವನು ಅದರಲ್ಲಿಲ್ಲ. ಒಂದು ಎಚ್ಚರಿಕೆ: ‘ಸ್ಪೇಸ್ ಸೀಡ್’ನಲ್ಲಿ ಖಳನಾಯಕ ಖಾನ್‌ನ ಯುದ್ಧಗಳು 1990ರ ದಶಕದವು. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ನ ಎರಡನೇ ಸೀಸನ್ನಿನಲ್ಲಿ ಅದೇ ಖಾನ್ 21ನೇ ಶತಮಾನದಲ್ಲಿ ಇನ್ನೂ ಹುಡುಗ. ಕಾಲಯಾತ್ರಿಕರ ಕೈವಾಡದಿಂದ ಇಸವಿಗಳು ಸರಿದವು ಎಂದು ಅಲ್ಲೇ ಹೇಳುತ್ತಾರೆ. ನೀವು ತಪ್ಪು ಓದಿಕೊಂಡಿರಿ ಎಂದುಕೊಳ್ಳಬೇಡಿ.

ಎಂಟರ್‌ಪ್ರೈಸ್ ಒಟ್ಟು 98 ಕಂತು. ಮೊದಲೆರಡು ಸೀಸನ್‌ನಿಂದ ‘ಬ್ರೋಕನ್ ಬೋ’, ‘ದ ಆಂಡೋರಿಯನ್ ಇನ್ಸಿಡೆಂಟ್’, ‘ಶಾಕ್‌ವೇವ್’ ಎರಡೂ ಭಾಗ, ‘ಮೈನ್‌ಫೀಲ್ಡ್’, ‘ಸೀಸ್ ಫೈರ್’, ‘ರೀಜನರೇಶನ್’, ‘ದ ಎಕ್ಸ್‌ಪಾನ್ಸ್’ ಆರಿಸಿಕೊಳ್ಳಿ. ಅನ್ಯಗ್ರಹದ ಆಂಡೋರಿಯನ್ನರ ಎರಡು ಕಂತು (‘ದ ಆಂಡೋರಿಯನ್ ಇನ್ಸಿಡೆಂಟ್’, ‘ಸೀಸ್ ಫೈರ್’) ನೋಡದೆ ಬಿಟ್ಟರೆ ನಾಲ್ಕನೇ ಸೀಸನ್ನಿನಲ್ಲಿ ಸ್ಪಾಕ್‌ನ ಜನಾಂಗವಾದ ವಲ್ಕನ್ನರ ಮೇಲಿನ ಅನುಮಾನ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಮೂರನೇ ಸೀಸನ್ ಒಂದೇ ಉದ್ದನೆಯ ಕಥೆ, ಕಂತು ಬಿಡುವಂತಿಲ್ಲ. ನಾಲ್ಕನೆಯದು ಹೆಚ್ಚಾಗಿ ಎರಡು, ಮೂರು ಕಂತುಗಳ ಗುಂಪುಗಳು. ಒಂದು ಪ್ರೀಕ್ವೆಲ್ ಏನು ಮಾಡಬೇಕೋ ಅದನ್ನೇ ಮಾಡುವ ಸೀಸನ್ ಇದು. ಇದರಲ್ಲಿನ ‘ಇನ್ ಎ ಮಿರರ್, ಡಾರ್ಕ್ಲಿ’ಗೆ ಮೊದಲು ‘ಥೋಲಿಯನ್ ವೆಬ್’ ಮುಗಿಸಿರಲೇಬೇಕು, ಅಲ್ಲಿ ಕಳೆದುಹೋದ ಹಡಗು ಇಲ್ಲಿ ಸಿಗುತ್ತದೆ. 1960ರ ದಶಕದ ಸೆಟ್ಟನ್ನು ಹಾಗೆಯೇ ಕಟ್ಟಿ, ಅದು ಇಂದಿಗೂ ನಂಬುವಂತೆ ಕಾಣುತ್ತದೆ ಎಂದು ತೋರಿಸಿದ್ದಾರೆ. ನೋಟ ಬದಲಿಸದೆ ವಿಧಿಯಿಲ್ಲ ಎನ್ನುವವರು ಇದನ್ನೊಮ್ಮೆ ನೋಡಲಿ. ಕಥೆಯ ನಿಜವಾದ ಕೊನೆ ‘ಟೆರಾ ಪ್ರೈಮ್’. ಅದರ ನಂತರದ ಕಂತು ಹಳೆಯ ಇನ್ನೊಂದು ಸರಣಿಯ ಪಾತ್ರಗಳು ಹೋಲೊಡೆಕ್ ಎಂಬ, ದೃಶ್ಯಗಳನ್ನು ನಿಜದಂತೆ ಮೂಡಿಸುವ ಕೊಠಡಿಯಲ್ಲಿ ಈ ಹಡಗಿನ ಚರಿತ್ರೆ ನೋಡುವ ಕಥೆ. ತನ್ನದೇ ಮುಕ್ತಾಯದಲ್ಲಿ ಆರ್ಚರ್‌ನ ತಂಡವನ್ನು ಅತಿಥಿ ಮಾಡಿದ್ದು ದೊಡ್ಡ ಅನ್ಯಾಯ. ಬಿಟ್ಟರೆ ನಷ್ಟವಿಲ್ಲ.

ಬೇರೆ ಸರಣಿಗಳಿಗೂ ಇದೇ ಮಾತು. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ಪ್ರೀಕ್ವೆಲ್ ‘ಕ್ಯಾಪ್ರಿಕಾ’ವನ್ನೂ (2010) ಮೂಲದ ನಂತರವೇ ಇಟ್ಟುಕೊಳ್ಳಿ. ಕಥೆ ಮೂಲಕ್ಕಿಂತ 58 ವರ್ಷ ಹಿಂದಿನದು, ಯುದ್ಧನೌಕೆಗಳ ಬದಲು ಎರಡು ಕುಟುಂಬಗಳ ದುಃಖ, ಕಂಪನಿ, ಧರ್ಮ. ಬಾಹ್ಯಾಕಾಶದ ಕಾದಾಟ ಬಯಸಿ ಬಂದವರು ಕೈಬಿಟ್ಟರು, ಒಂದೇ ಸೀಸನ್‌ಗೆ ನಿಂತಿತು. ‘ಈ ಹೆಸರಿನವನು ಮುಂದೆ ಬದುಕಿರುತ್ತಾನೆ, ಹಾಗಾಗಿ ಈಗ ಸಾಯಲಾರ’ ಎಂಬ ನಮ್ಮ ಧೈರ್ಯವನ್ನೇ ಅದು ಕೊನೆಗೆ ಬಳಸಿಕೊಳ್ಳುವ ರೀತಿ ನಾನು ಕಂಡ ಪ್ರೀಕ್ವೆಲ್‌ಗಳಲ್ಲೇ ಗಟ್ಟಿಯಾದದ್ದು. ಹೇಗೆಂದು ಇಲ್ಲಿ ಹೇಳಿದರೆ ಕೆಡುತ್ತದೆ. ಹಾಗೆಯೇ ‘ಬ್ಯಾಬಿಲಾನ್ 5’ ಸರಣಿಯ ಪ್ರೀಕ್ವೆಲ್ ಚಿತ್ರ ‘ಇನ್ ದ ಬಿಗಿನಿಂಗ್’ (1998) ಹೆಸರು ನೋಡಿ ಮೋಸಹೋಗಬೇಡಿ. ಮೊದಲ ಸೀಸನ್‌ನಿಂದ ಎಳೆದುಕೊಂಡು ಬಂದ ಗುಟ್ಟನ್ನು ಅದು ಬಿಚ್ಚಿಡುತ್ತದೆ. ನಾಲ್ಕನೇ ಸೀಸನ್ ಮುಗಿದ ಮೇಲೆ ನೋಡಿ, ಪ್ರಸಾರವಾದದ್ದೂ ಆಗಲೇ.