ನಮ್ಮ ಹಳ್ಳಿಯ ಪಬ್ಬನ್ನು ಊರವರೇ ಷೇರು ಹಾಕಿ ಕೊಳ್ಳಲು ಹೊರಟಿದ್ದಾರೆ. ಇಂಗ್ಲೆಂಡಿಗೆ ಬಂದು ಮೂರು ವರ್ಷವಾದ, ಮದ್ಯ ಮುಟ್ಟದ ನಾನು 1,000 ಪೌಂಡ್ ಹಾಕಬಹುದೇ? ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಸಿಗುತ್ತದೆಯೇ?

2017ರಲ್ಲಿ ಸಾಮರ್‌ಸೆಟ್‌ನ ನಮ್ಮ ಹಳ್ಳಿಯ ಪಬ್ ಮಾರಾಟಕ್ಕೆ ಬಂದಾಗ ನಾನೂ ನಿಮ್ಮ ಹಾಗೆಯೇ ಬಡ್ಡಿಯ ಲೆಕ್ಕ ಹಾಕುತ್ತಾ ಕುಳಿತಿದ್ದೆ. ನಾನೂ ಕುಡಿಯುವವನಲ್ಲ. ಗದಗ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ನನಗೆ ಪಬ್ ಎಂದರೆ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕಿವಿಗಡಚಿಕ್ಕುವ ಸಂಗೀತವೇ ನೆನಪಾಗುತ್ತಿತ್ತು. ಆದರೆ ಇಲ್ಲಿ ಅಂಚೆ ಕಚೇರಿ ಮುಚ್ಚಿ, ಕಿರಾಣಿ ಅಂಗಡಿ ಮುಚ್ಚಿ, ಬಸ್ಸು ದಿನಕ್ಕೆರಡು ಬಾರಿಗೆ ಇಳಿದ ಮೇಲೆ, ನೆರೆಯವರ ಮುಖ ನೋಡಲು ಊರಿನಲ್ಲಿ ಉಳಿದಿದ್ದದ್ದು ಆ ಒಂದು ಕಟ್ಟಡ ಮಾತ್ರ. ಸೋಮವಾರ ಡಾಮಿನೋ, ಮಂಗಳವಾರ ಮತ್ತು ಗುರುವಾರ ಹಿಂಬದಿಯ ಉದ್ದನೆಯ ಕೊಠಡಿಯಲ್ಲಿ ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಸ್ಕಿಟಲ್ಸ್ ಆಟ, ಬುಧವಾರ ಮಧ್ಯಾಹ್ನ ಒಂಟಿಯಾಗಿರುವ ಹಿರಿಯರಿಗೆ ಊಟ. ಜನವರಿ 17ರ ರಾತ್ರಿ ಎಲ್ಲರೂ ಅಲ್ಲಿಂದಲೇ ಸೇಬಿನ ತೋಟಕ್ಕೆ ನಡೆದುಹೋಗಿ, ಸೇಬಿನ ಮದ್ಯವಾದ ಸೈಡರಿನಲ್ಲಿ ಅದ್ದಿದ ಬ್ರೆಡ್ಡಿನ ಚೂರನ್ನು ಹಳೆಯ ಮರದ ಕೊಂಬೆಗೆ ಸಿಕ್ಕಿಸಿ, ಗಾಳಿಯಲ್ಲಿ ಬಂದೂಕು ಹಾರಿಸಿ, ಮುಂದಿನ ಫಸಲು ಚೆನ್ನಾಗಿ ಬರಲೆಂದು ಹಾಡುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬೆಳೆದ ನನಗೆ ಆ ವಾಸೇಲ್ ಆಚರಣೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದ್ದರಿಂದ ಕುಡಿಯದವರಿಗೆ ಅಲ್ಲೇನು ಕೆಲಸ ಎಂಬ ನಿಮ್ಮ ಅನುಮಾನವನ್ನು ಇಲ್ಲಿಗೇ ಬಿಟ್ಟುಬಿಡಿ. ಆ ಪಬ್ಬನ್ನು ಕೊಂಡ ಊರವರ ಸಂಘದ ಸಮಿತಿಯಲ್ಲಿ ಎಂಟು ವರ್ಷ ನಿಂಬೆ ಸೋಡಾ ಕುಡಿಯುತ್ತಲೇ ಕುಳಿತಿದ್ದೇನೆ. ಯಾರೂ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಬಡ್ಡಿಯ ಮಾತನ್ನು ಬೇಗ ಮುಗಿಸುತ್ತೇನೆ. ಇಂಥ ಪಬ್ಬುಗಳಲ್ಲಿ ಹೆಚ್ಚಿನವು 2014ರ ಸಹಕಾರ ಕಾಯ್ದೆಯಡಿ ಸಮುದಾಯ ಹಿತದ ಸಂಘಗಳಾಗಿ ನೋಂದಣಿಯಾಗುತ್ತವೆ. ಅವುಗಳ ಷೇರಿನ ಬೆಲೆ ಏರುವುದಿಲ್ಲ, ಇಳಿಯಬಹುದು. ಅದನ್ನು ಇನ್ನೊಬ್ಬರಿಗೆ ಮಾರಲಾಗದು. ಹಿಂಪಡೆಯಬೇಕೆಂದರೆ ಸಂಘದ ಕೈಯಲ್ಲಿ ಹಣವಿದ್ದು ಸಮಿತಿ ಒಪ್ಪಬೇಕು. ಬ್ಯಾಂಕ್ ಠೇವಣಿಗಿರುವ ಪರಿಹಾರ ಯೋಜನೆಯ ರಕ್ಷಣೆ ಇದಕ್ಕಿಲ್ಲ. ಬಡ್ಡಿ ಬೇಕಿದ್ದರೆ ಬ್ಯಾಂಕಿಗೇ ಹೋಗಿ. ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: ನಿಮ್ಮೂರಿನ ಸಂಘ ಕನಿಷ್ಠ ಷೇರು ಎಷ್ಟೆಂದು ಇಟ್ಟಿದೆ? ನಮ್ಮ ಪಬ್ಬನ್ನು ಮುಳುಗಿಸಲು ಹೊರಟಿದ್ದು ಆ ಒಂದು ಅಂಕಿ. ಅದನ್ನು ನಿಗದಿ ಮಾಡಿದವನು ನಾನು.

ಅದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2011ರ ಸ್ಥಳೀಯತಾ ಕಾಯ್ದೆಯಲ್ಲಿ ಆಗ ಇದ್ದ ನಿಯಮದ ಪ್ರಕಾರ, ಇಂಗ್ಲೆಂಡಿನಲ್ಲಿ ಒಂದು ಕಟ್ಟಡ ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿಯೆಂದು ಸ್ಥಳೀಯ ಕೌನ್ಸಿಲ್‌ನ ಪಟ್ಟಿಯಲ್ಲಿದ್ದರೆ, ಮಾಲೀಕ ಅದನ್ನು ಮಾರಲು ಹೊರಟಾಗ ಊರಿನ ಸಂಘಕ್ಕೆ ಆಸಕ್ತಿ ತಿಳಿಸಲು ಆರು ವಾರ ಸಿಗುತ್ತಿತ್ತು. ತಿಳಿಸಿದರೆ, ಮಾಲೀಕ ನೋಟಿಸು ಕೊಟ್ಟ ದಿನದಿಂದ ಒಟ್ಟು ಆರು ತಿಂಗಳು ಮಾರಾಟ ತಡೆಹಿಡಿಯಲ್ಪಡುತ್ತಿತ್ತು. ಲಂಡನ್ನಿನ ನನ್‌ಹೆಡ್ ಬಡಾವಣೆಯ ಐವಿ ಹೌಸ್ ಪಬ್ಬನ್ನು 2013ರಲ್ಲಿ ಅಲ್ಲಿನ ನಿವಾಸಿಗಳು ಉಳಿಸಿಕೊಂಡದ್ದು ಇದೇ ಕಾಯ್ದೆಯ ಬಲದಿಂದ. ಆದರೆ ಆರು ತಿಂಗಳಾದ ಮೇಲೆ ಊರಿಗೇ ಮಾರಬೇಕೆಂಬ ಕಟ್ಟುಪಾಡು ಮಾಲೀಕನಿಗಿರಲಿಲ್ಲ. ನಮಗೆ ಸಂಘದ ನಿಯಮಾವಳಿ ಬರೆದು ನೋಂದಣಿ ಮಾಡಿಸುವುದರಲ್ಲೇ ಮೂರು ತಿಂಗಳು ಕಳೆದಿತ್ತು. ಬೆಲೆ, ಮಾಳಿಗೆಯ ದುರಸ್ತಿ, ಮೊದಲ ದಾಸ್ತಾನು ಎಲ್ಲ ಸೇರಿ 3,60,000 ಪೌಂಡ್ ಬೇಕಿತ್ತು. 80,000 ಸಾಲ ಸಿಗುವಂತಿತ್ತು. ಉಳಿದ 2,80,000 ಷೇರಿನಿಂದ ಬರಬೇಕು, ಅದೂ ಹತ್ತು ವಾರಗಳಲ್ಲಿ.

ನಾನು ವೃತ್ತಿಯಿಂದ ಲೆಕ್ಕಪತ್ರದವನು, ಸಂಘದ ಖಜಾಂಚಿ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಭಾಗಾಕಾರ ಮಾಡಿದೆ. 50 ಪೌಂಡಿನಂತೆ ಆದರೆ 5,600 ಜನ ಬೇಕು, ನಮ್ಮ ಊರಿನಲ್ಲಿ ವಯಸ್ಕರು ಆರು ನೂರೂ ಇಲ್ಲ. 500ರಂತೆ ಆದರೆ 560 ಜನ ಸಾಕು. ಸಣ್ಣ ಮೊತ್ತಕ್ಕೂ ದೊಡ್ಡ ಮೊತ್ತಕ್ಕೂ ಅಷ್ಟೇ ಕಾಗದದ ಕೆಲಸ ಎಂಬ ವಾದವೂ ಸೇರಿತು. ಕನಿಷ್ಠ 500 ಎಂದು ಬರೆದೆ, ಸಮಿತಿ ಮರುಮಾತಿಲ್ಲದೆ ಒಪ್ಪಿತು. ಆ ಭಾಗಾಕಾರದಲ್ಲಿ ಒಂದು ಮೂಲಭೂತ ತಪ್ಪಿತ್ತು: ಕನಿಷ್ಠ ಮೊತ್ತವನ್ನು ಇಳಿಸಿದರೆ ಹೆಚ್ಚು ಕೊಡಬಲ್ಲವರು ಕಡಿಮೆ ಕೊಡುತ್ತಾರೆಂದು ನಾನು ನಂಬಿಬಿಟ್ಟಿದ್ದೆ. ಅವರು ಹಾಗೆ ಮಾಡುವುದಿಲ್ಲ, ತಮಗೆ ಬೇಕಾದಷ್ಟನ್ನು ಹಾಕಿಯೇ ಹಾಕುತ್ತಾರೆ. ಕನಿಷ್ಠ ಮೊತ್ತ ನಿರ್ಧರಿಸುವುದು ಒಟ್ಟು ಹಣವನ್ನಲ್ಲ, ಯಾರು ಒಳಗೆ ಬರಬಹುದು ಎಂಬುದನ್ನು. ಇಂಥ ಸಂಘದಲ್ಲಿ ಒಂದು ಷೇರಿದ್ದವರಿಗೂ ಸಾವಿರ ಷೇರಿದ್ದವರಿಗೂ ಒಂದೇ ಮತ. ಎಂದ ಮೇಲೆ, 500 ಪೌಂಡ್ ಎಂಬುದು ಒಂದು ಮತದ ಬೆಲೆಯಾಯಿತು, ಮತ್ತು ಆ ಬೆಲೆಯನ್ನು ನಾನು ಊರಿನ ಅರ್ಧಕ್ಕೂ ಹೆಚ್ಚು ಜನರ ಕೈಗೆ ಎಟುಕದ ಎತ್ತರದಲ್ಲಿ ಇಟ್ಟೆ.

ಷೇರಿನ ಅರ್ಜಿ ಹಂಚಿದ ಸಂಜೆ ಡಾಮಿನೋ ಮೇಜಿನಲ್ಲಿ ಒಬ್ಬ ಹಿರಿಯರಿದ್ದರು. ಜೀವಮಾನವೆಲ್ಲ ಹೈನುಗಾರಿಕೆಯ ಕೂಲಿ ಮಾಡಿದವರು, ಐವತ್ತು ವರ್ಷದಿಂದ ಅದೇ ಕುರ್ಚಿ. ಅರ್ಜಿಯನ್ನು ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದರು, ನಾಲ್ಕಾಗಿ ಮಡಚಿದರು, ಗ್ಲಾಸಿನ ಕೆಳಗೆ ಇಟ್ಟರು. ಎದ್ದು ಹೋಗುವಾಗ ಅದು ಅಲ್ಲೇ ಇತ್ತು, ಮೇಲೆ ಗ್ಲಾಸಿನ ಒದ್ದೆ ಉಂಗುರ. ನಾನು ಅದನ್ನು ಎತ್ತಿಕೊಂಡು, ಮರೆತು ಹೋಗಿರಬೇಕು ಎಂದುಕೊಂಡೆ.

ಒಂಬತ್ತನೆಯ ವಾರಕ್ಕೆ ಗುರಿ ಮುಟ್ಟಿದೆವು. 212 ಸದಸ್ಯರು, ತಲಾ ಸರಾಸರಿ 1,300 ಪೌಂಡಿಗೂ ಹೆಚ್ಚು. ಆ ರಾತ್ರಿಯ ಸಂಭ್ರಮದಲ್ಲಿ ಯಾರೂ ಪಟ್ಟಿಯನ್ನು ಬಿಡಿಸಿ ನೋಡಲಿಲ್ಲ. ನೋಡಿದ್ದರೆ, ಅವರಲ್ಲಿ ಊರೊಳಗೆ ವಾಸಿಸುವವರು 71 ಜನ ಮಾತ್ರ ಎಂಬುದು ಆಗಲೇ ಕಾಣುತ್ತಿತ್ತು. ಉಳಿದವರು ವಾರಾಂತ್ಯದ ಮನೆಯುಳ್ಳವರು, ಬಾಲ್ಯದಲ್ಲಿ ಇಲ್ಲಿದ್ದು ಈಗ ದೂರದ ನಗರಗಳಲ್ಲಿರುವವರು. ಅವರ ಪ್ರೀತಿ ನಿಜವಾದದ್ದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮಂಗಳವಾರ ರಾತ್ರಿ ಮಳೆಯಲ್ಲಿ ಪಬ್ಬಿಗೆ ನಡೆದು ಬರುವವರು ಅವರಲ್ಲ.

ಹಾಗೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಮಾತಿಲ್ಲ. ಸ್ಕಿಟಲ್ಸ್‌ನ ಎರಡು ತಂಡಗಳು ಪಕ್ಕದ ಹಳ್ಳಿಯ ಪಬ್ಬಿಗೆ ಹೋದವು. ಹೋದ ತಂಡದ ಹಿಂದೆ ಎದುರಾಳಿ ತಂಡವೂ ಹೋಯಿತು, ನೋಡಲು ಬರುವವರೂ ಹೋದರು. ಇದರ ಪೆಟ್ಟು ನೆಲಮಾಳಿಗೆಯಲ್ಲಿ ಕಾಣುತ್ತದೆ. ಸಾಂಪ್ರದಾಯಿಕ ಏಲ್ ಬಿಯರು ಪೀಪಾಯಿಯೊಳಗೆ ಜೀವಂತವಾಗಿರುತ್ತದೆ. ಫರ್ಕಿನ್ ಎಂಬ ಸಣ್ಣ ಪೀಪಾಯಿಯಲ್ಲೂ 72 ಪೈಂಟ್ ಇರುತ್ತದೆ, ಒಮ್ಮೆ ಕೊಳಾಯಿ ಬಡಿದರೆ ಸುಮಾರು ಮೂರು ದಿನದೊಳಗೆ ಖಾಲಿಯಾಗಬೇಕು. ಶನಿವಾರದ ಜನಸಂದಣಿ ಮಂಗಳವಾರದ ಪೀಪಾಯಿಯನ್ನು ಉಳಿಸಲಾರದು. ವಾರವಾರವೂ ಹುಳಿಯಾದದ್ದನ್ನು ಚರಂಡಿಗೆ ಸುರಿದೆವು. ಎರಡನೆಯ ಚಳಿಗಾಲದಲ್ಲಿ, ಒಳ್ಳೆಯವರಾಗಿದ್ದ ವ್ಯವಸ್ಥಾಪಕ ದಂಪತಿ ಕೆಲಸ ಬಿಟ್ಟರು. ಏಳು ವಾರ ಬಾಗಿಲು ಮುಚ್ಚಿತ್ತು.

ನಾನು ಕೊನೆಗೆ ಆ ಹಿರಿಯರ ಮನೆಗೆ ಹೋದೆ. ಅವರು ಚಹಾ ಕೊಟ್ಟು, ಒಂದೇ ಮಾತು ಹೇಳಿದರು: ಮೊದಲು ಅದು ಕಂಪನಿಯವರ ಪಬ್ ಆಗಿತ್ತು, ಆಗ ನಾವೆಲ್ಲ ಒಂದೇ ಥರದ ಗಿರಾಕಿಗಳಾಗಿದ್ದೆವು, ಈಗ ಅದು ನಿಮ್ಮದು.

ಆ ರಾತ್ರಿ ನನಗೆ ನನ್ನ ಅಜ್ಜನ ಟ್ರಂಕಿನಲ್ಲಿದ್ದ ಹತ್ತು ರೂಪಾಯಿಯ ಷೇರು ಪತ್ರ ನೆನಪಾಯಿತು. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಜಿಲ್ಲೆಯದೇ; ಅದನ್ನು ನೋಡಿ ಬೆಳೆದ ಸುತ್ತಲಿನ ಸಂಘಗಳಲ್ಲೊಂದಕ್ಕೆ ಅಜ್ಜ ಸದಸ್ಯರಾಗಿದ್ದರು. ಎರಡೆಕರೆ ಒಣಭೂಮಿಯ ಅವರು ವಾರ್ಷಿಕ ಸಭೆಗೆ ಮಡಿಚಿಟ್ಟ ಧೋತರ ಉಟ್ಟು ಹೋಗುತ್ತಿದ್ದರು, ಊರ ಗೌಡರ ಪಕ್ಕದಲ್ಲಿ ಕೈ ಎತ್ತುತ್ತಿದ್ದರು. ಇದನ್ನು ಕಣ್ಣಾರೆ ಕಂಡ ನಾನು ಆ 500ನ್ನು ಬರೆಯಬಾರದಿತ್ತು. ಈಗಲೂ ಅದು ನನ್ನನ್ನು ಕಾಡುತ್ತದೆ.

ಮುಂದಿನ ಸಭೆಯಲ್ಲಿ ತಪ್ಪು ನನ್ನದೆಂದು ಎದ್ದು ನಿಂತು ಹೇಳಿ, ಎರಡನೆಯ ಷೇರು ಸಂಗ್ರಹಕ್ಕೆ ಕನಿಷ್ಠ 50 ಪೌಂಡ್, ಬೇಕಿದ್ದವರಿಗೆ ತಿಂಗಳಿಗೆ ಐದರಂತೆ ಹತ್ತು ಕಂತು ಎಂದು ಮಾಡಿಸಿದೆ. 164 ಜನ ಸೇರಿದರು. ಬಂದ ಹಣ 11,000 ಪೌಂಡ್, ಮಾಳಿಗೆಯ ಒಂದು ಮೂಲೆಗೂ ಸಾಲದು. ಆದರೆ ಅಕ್ಟೋಬರಿನಲ್ಲಿ ಸ್ಕಿಟಲ್ಸ್ ತಂಡಗಳು ಮರಳಿದವು, ಬುಧವಾರದ ಊಟಕ್ಕೆ ಬಡಿಸಲು ಸರದಿ ಬಿದ್ದಿತು. ಆ ಹಿರಿಯರು ಹತ್ತು ಕಂತನ್ನೂ ನಾಣ್ಯಗಳಲ್ಲಿ ಕಟ್ಟಿದರು. ಈಗ ಮಂಗಳವಾರ ಬಿದ್ದ ಒಂಬತ್ತು ಮರದ ಗೂಟಗಳನ್ನು ಮತ್ತೆ ನಿಲ್ಲಿಸುವ ಹುಡುಗರಿಗೆ ಅವರೇ ಮೇಲ್ವಿಚಾರಕರು.

ನೀವು 1,000 ಹಾಕಬೇಡಿ. 100 ಹಾಕಿ, ವಾರಕ್ಕೆ ಒಂದು ಸಂಜೆ ಕೊಡಿ. ನಿಮ್ಮ ಮತ ಅಷ್ಟಕ್ಕೂ ಒಂದೇ. ಮುಂದಿನ ಗುರುವಾರ ಸಭೆಯಿದೆಯೆಂದೂ ಷೇರಿನ ದಸ್ತಾವೇಜು ಇನ್ನೂ ಅಚ್ಚಾಗಿಲ್ಲವೆಂದೂ ಬರೆದಿದ್ದೀರಿ. ಹಾಗಿದ್ದರೆ ಹೋಗಿ, ಕನಿಷ್ಠ ಮೊತ್ತ ಎಷ್ಟೆಂದು ಕೇಳಿ; ನೂರಕ್ಕಿಂತ ಹೆಚ್ಚಿದ್ದರೆ ಇಳಿಸುವವರೆಗೂ ಎದ್ದು ನಿಂತೇ ಇರಿ. ಕಂತಿನ ಮಾತನ್ನೂ ಅಲ್ಲೇ ಎತ್ತಿ. ಅಚ್ಚಾದ ಮೇಲೆ ಅದನ್ನು ತಿದ್ದಲು ನಮಗೆ ಎರಡು ವರ್ಷ ಹಿಡಿಯಿತು.