ದೆವ್ವಕ್ಕೂ ಒಂದು ಕಾಯಿದೆ ಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈ ಸಲ ದೆವ್ವದ ಸಿನಿಮಾ

ಈ ಬಾರಿಯ ಬಹುತೇಕ ಪತ್ರಗಳು 1998ರ ಜಪಾನಿ ಚಿತ್ರ ‘ರಿಂಗು’ ಸುತ್ತಲೇ ಇವೆ. ಕೋಜಿ ಸುಜುಕಿಯವರ 1991ರ ಕಾದಂಬರಿ ಆಧರಿಸಿ ಹಿರೋಶಿ ತಕಹಾಶಿ ಚಿತ್ರಕಥೆ ಬರೆದರು, ಹಿಡಿಯೊ ನಕಾಟ ನಿರ್ದೇಶಿಸಿದರು. ಕಥೆ ಇಷ್ಟು: ಒಂದು ವಿಡಿಯೊ ಕ್ಯಾಸೆಟ್ ಇದೆ, ಅದನ್ನು ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಅಕ್ಕನ ಮಗಳು ಹಾಗೆ ಸತ್ತಾಗ ಪತ್ರಕರ್ತೆ ರೇಕೊ ಬೆನ್ನುಹತ್ತಿ ಹೋಗಿ ತಾನೂ ಅದನ್ನು ನೋಡುತ್ತಾಳೆ. ಮಾಜಿ ಗಂಡ ರ್ಯೂಜಿಯನ್ನು ಜೊತೆಗೆ ಸೇರಿಸಿಕೊಂಡು, ಶಾಪದ ಮೂಲ ಸದಾಕೊ ಎಂಬ ಹುಡುಗಿ ಎಂದು ಪತ್ತೆಹಚ್ಚುತ್ತಾಳೆ. ಉತ್ತರಗಳಲ್ಲಿ ಚಿತ್ರದ ಕೊನೆಯನ್ನೂ ಬಿಚ್ಚಿ ಹೇಳಿದ್ದೇವೆ. ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ‘ರಿಂಗು’ ತೋರಿಸಿ ಚರ್ಚೆ ಇಟ್ಟುಕೊಂಡಿದ್ದೇವೆ. ಕಥಾರಚನೆ ಬಗ್ಗೆ ನಾನು ಮಾತಾಡಬೇಕಂತೆ. ಆರಂಭ, ಮಧ್ಯ, ಅಂತ್ಯ ಎಂದು ಮೂರು ಭಾಗ ಮಾಡಿದರೆ ಸಾಕೇ? (ಶಿವಮೊಗ್ಗ)

ಮೂರು ಭಾಗದ ಲೆಕ್ಕ ಯಾವ ಸಿನಿಮಾಕ್ಕಾದರೂ ಹೊಂದುತ್ತದೆ. ಹಾಗಾಗಿಯೇ ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ. ದೆವ್ವದ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ದೆವ್ವ ಯಾವ ನಿಯಮದ ಮೇಲೆ ನಡೆಯುತ್ತಿದೆ, ಪಾತ್ರಗಳು ಯಾವ ನಿಯಮ ಎಂದುಕೊಂಡಿವೆ? ಇವೆರಡರ ನಡುವಿನ ಅಂತರವೇ ಕಥೆ. ಅಂತರ ಮುಚ್ಚಿದ ಕ್ಷಣ ಚಿತ್ರ ಮುಗಿಯುತ್ತದೆ.

ಮೊದಲ ಸಲ ಪೆನ್ನು ಮುಟ್ಟದೆ ನೋಡಿ. ಎರಡನೇ ಸಲ ರಿಮೋಟ್ ಕೈಯಲ್ಲಿಟ್ಟುಕೊಂಡು, ದೊಡ್ಡ ನೋಟ್‌ಬುಕ್ ಅಡ್ಡ ತಿರುಗಿಸಿ ನಾಲ್ಕು ಅಂಕಣ ಗೀಚಿಕೊಳ್ಳಿ. ಒಂದರಲ್ಲಿ ನಿಮಿಷ. ಎರಡರಲ್ಲಿ ದೃಶ್ಯ, ಒಂದೇ ಸಾಲು: ಯಾರು ಏನು ಹುಡುಕಿ ಬಂದರು, ಸಿಕ್ಕಿತೋ ಇಲ್ಲವೋ. ಮೂರರಲ್ಲಿ ದೆವ್ವದ ಬಗ್ಗೆ ಆ ಪಾತ್ರ ಈಗ ನಂಬಿರುವುದು. ನಾಲ್ಕನೆಯದನ್ನು ಖಾಲಿ ಬಿಡಿ. ಚಿತ್ರ ಮುಗಿದು ನಿಜ ಗೊತ್ತಾದ ಮೇಲೆ ಕೊನೆಯಿಂದ ಮೇಲಕ್ಕೆ ಹೋಗುತ್ತಾ, ಆ ದೃಶ್ಯದಲ್ಲಿ ನಿಜಕ್ಕೂ ಆಗುತ್ತಿದ್ದದ್ದೇನು ಎಂದು ಅದರಲ್ಲಿ ತುಂಬಿ. ರೇಕೊ ಕ್ಯಾಸೆಟ್‌ನ ಪ್ರತಿ ಮಾಡಿ ರ್ಯೂಜಿಗೆ ಕೊಡುವ ದೃಶ್ಯಕ್ಕೆ ಮೂರನೇ ಅಂಕಣದಲ್ಲಿ ‘ಸುಳಿವು ಹುಡುಕಲು ಅನುಕೂಲ’ ಎಂದು ಬರೆದಿರುತ್ತೀರಿ. ನಾಲ್ಕನೆಯದರಲ್ಲಿ ‘ಇವಳ ಪ್ರಾಣ ಉಳಿದದ್ದು ಇಲ್ಲೇ’ ಎಂದು ಬರುತ್ತದೆ, ಏಕೆಂದರೆ ಪ್ರತಿ ಮಾಡಿ ಬೇರೊಬ್ಬರಿಗೆ ತೋರಿಸಿದವರನ್ನು ಶಾಪ ಬಿಡುತ್ತದೆ ಎಂಬುದೇ ಕೊನೆಗೆ ಗೊತ್ತಾಗುವ ನಿಯಮ. ನಿಮ್ಮ ಇಡೀ ಭಾಷಣ ಆ ಒಂದು ಸಾಲಿನಲ್ಲಿದೆ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಕ್ಯಾಮೆರಾ ಕೋನ ಬದಲಾದಾಗಲೆಲ್ಲ ಹೊಸ ದೃಶ್ಯ ಎಂದು ಎಣಿಸಿ ಪಟ್ಟಿ ಉದ್ದವಾಗುವುದು ಒಂದು. ಜಾಗವೋ ಹೊತ್ತೋ ಬದಲಾದರೆ ಮಾತ್ರ ಹೊಸ ದೃಶ್ಯ. ಇನ್ನೊಂದು, ಮೂರನೇ ಅಂಕಣದಲ್ಲಿ ‘ಭಯಾನಕ ವಾತಾವರಣ’ ಎಂದು ಬರೆಯುವುದು. ಅದು ಮಾಹಿತಿಯಲ್ಲ, ನಿಮ್ಮ ಅನುಭವ. ಬೆಚ್ಚಿದ ಕಡೆಗಳಿಗೆ ಅಂಚಿನಲ್ಲಿ ಕೆಂಪು ಚುಕ್ಕೆ ಇಟ್ಟರೆ ಸಾಕು. ಕೊನೆಗೆ ನೋಡಿ, ಕೆಂಪು ಚುಕ್ಕೆಗಳೂ ಕಥೆ ತಿರುಗುವ ಜಾಗಗಳೂ ಹೆಚ್ಚಾಗಿ ಒಂದೇ ಕಡೆ ಬಿದ್ದಿರುವುದಿಲ್ಲ.

ಪ್ರಶ್ನೆ: ಚಿತ್ರದಲ್ಲಿ ಬಹಳ ಹೊತ್ತು ಏನೂ ಆಗುವುದೇ ಇಲ್ಲ. ಓಡಾಟ, ಫೋನು, ಹಳೇ ಪತ್ರಿಕೆ ಹುಡುಕಾಟ, ಅಷ್ಟೇ. ಆದರೂ ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಕಾರಣವೇನು? (ಹುಬ್ಬಳ್ಳಿ)

ಗಡುವು. ನಡುನಡುವೆ ತೆರೆಯ ಮೇಲೆ ತಾರೀಕು, ವಾರ ಬರುತ್ತದೆ, ಗಮನಿಸಿದಿರಾ? ದೆವ್ವ ಕಾಣದ ಹೊತ್ತಿನಲ್ಲಿ ದೆವ್ವದ ಕೆಲಸವನ್ನು ಆ ಅಕ್ಷರಗಳು ಮಾಡುತ್ತವೆ. ಗ್ರಂಥಾಲಯದಲ್ಲಿ ಕಾಗದ ತಿರುವುವ ದೃಶ್ಯವೂ ಆಗ ಓಟದ ದೃಶ್ಯವಾಗುತ್ತದೆ.

ಜಾಣತನ ಇರುವುದು ಗಡುವು ಒಂದಲ್ಲ, ಮೂರು ಎಂಬುದರಲ್ಲಿ. ರೇಕೊ ಇಜುವಿನ ವಸತಿಗೃಹದಲ್ಲಿ ಕ್ಯಾಸೆಟ್ ನೋಡುತ್ತಾಳೆ, ಮುಗಿದ ಕೂಡಲೇ ಫೋನ್ ಬಡಿದುಕೊಳ್ಳುತ್ತದೆ. ರ್ಯೂಜಿ ಅದನ್ನು ನೋಡುವುದು ಅವಳ ನಂತರ, ಅವನ ಗಡುವು ಒಂದು ದಿನ ತಡ. ಚಿತ್ರದ ಸುಮಾರು ನಡುಭಾಗದಲ್ಲಿ, ಅಜ್ಜನ ಮನೆಯಲ್ಲಿ ರಾತ್ರಿ ಎಚ್ಚರಗೊಂಡ ರೇಕೊ ಬಂದು ನೋಡಿದರೆ ಮಗ ಯೊಯಿಚಿ ಟಿವಿ ಮುಂದೆ ಕೂತಿರುತ್ತಾನೆ. ಅಲ್ಲಿಗೆ ಮೂರನೆಯ ಗಡುವು ಶುರು. ನಮ್ಮ ಚಿತ್ರಮಂದಿರವಾಗಿದ್ದರೆ ಮಧ್ಯಂತರದ ಫಲಕ ಬೀಳಬೇಕಾದ ಜಾಗ ಅದೇ. ಅಲ್ಲಿಯವರೆಗೆ ಪಣಕ್ಕಿದ್ದದ್ದು ತನ್ನ ಜೀವ, ಮುಂದೆ ಮಗುವಿನದು.

ಈ ಒಂದು ದಿನದ ಅಂತರ ಮೊದಲ ನೋಟಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಇಬ್ಬರೂ ಒಟ್ಟಿಗೆ ನೋಡಿದ್ದರೆ ಏನಾಗುತ್ತಿತ್ತು, ಯೋಚಿಸಿ. ಅವರು ಸದಾಕೊಳ ಅಸ್ಥಿ ಹುಡುಕುವ ಬಾವಿಯ ಬಳಿಯೇ ಒಬ್ಬರು ಸತ್ತು, ಒಬ್ಬರು ಉಳಿದು, ಕಥೆ ಅಲ್ಲೇ ಗೋಜಲಾಗುತ್ತಿತ್ತು. ಅಂತರ ಇರುವುದರಿಂದಲೇ, ಶಾಪ ಕಳೆಯಿತು ಎಂಬ ಸುಳ್ಳು ಗೆಲುವಿಗೆ ಒಂದು ರಾತ್ರಿ ಆಯಸ್ಸು ಸಿಕ್ಕಿದೆ.

ಪ್ರಶ್ನೆ: ಬಾವಿಯಿಂದ ಸದಾಕೊಳ ಅಸ್ಥಿ ತೆಗೆದರು, ರೇಕೊ ಬದುಕಿದಳು. ಕಥೆ ಮುಗಿಯಿತಲ್ಲ? ಆಮೇಲೆ ರ್ಯೂಜಿಯನ್ನು ಕೊಂದದ್ದು ಬೆಚ್ಚಿಬೀಳಿಸಲು ಮಾಡಿದ ಮೋಸ ಅನ್ನಿಸಿತು. (ಮಂಗಳೂರು)

ಮೋಸವೋ ಅಲ್ಲವೋ ನೋಡಲು ಒಂದು ಪರೀಕ್ಷೆ ಇದೆ: ಉತ್ತರಕ್ಕೆ ಬೇಕಾದ ಸಂಗತಿಗಳು ಮೊದಲೇ ನಮ್ಮ ಕಣ್ಣೆದುರು ಬಂದಿದ್ದವೇ? ಬಂದಿದ್ದವು, ಅದೂ ಎರಡು ಕಡೆ.

ಬಾವಿಯ ದೃಶ್ಯವನ್ನೇ ಹತ್ತಿರದಿಂದ ನೋಡೋಣ. ವಸತಿಗೃಹದ ನೆಲದಡಿಯ ಬಾವಿ, ಬಕೆಟ್ಟಿನಲ್ಲಿ ನೀರು ಮೊಗೆದು ಮೇಲೆ ಕಳಿಸುವುದು, ಕತ್ತಲಾಗುತ್ತಿರುವುದು, ಸುಸ್ತಾದ ರೇಕೊ ಕೊನೆಗೆ ತಾನೇ ಕೆಳಗಿಳಿಯುವುದು. ಕೈಗೆ ಕೂದಲು ಸಿಗುತ್ತದೆ, ಅದರ ಹಿಂದೆ ತಲೆಬುರುಡೆ. ಅವಳು ಅದನ್ನು ಎದೆಗೊತ್ತಿಕೊಳ್ಳುತ್ತಾಳೆ. ಅಷ್ಟು ಹೊತ್ತಿಗೆ ಗಡುವು ದಾಟಿದೆ ಎಂದು ಮೇಲಿನಿಂದ ರ್ಯೂಜಿ ಕೂಗುತ್ತಾನೆ. ಇಲ್ಲಿ ಗಮನಿಸಬೇಕಾದದ್ದು: ‘ಅವಳು ಬದುಕಿದ್ದಾಳೆ’ ಎಂಬ ಸಂಗತಿ ನಿಜ, ‘ಅಸ್ಥಿ ಸಿಕ್ಕಿದ್ದರಿಂದ ಬದುಕಿದಳು’ ಎಂಬ ಕಾರಣ ತಪ್ಪು. ಚಿತ್ರ ಸುಳ್ಳು ಹೇಳಲಿಲ್ಲ, ತಪ್ಪು ಕಾರಣ ಕಟ್ಟಿಕೊಂಡವರು ನಾವು. ಸಂಸ್ಕಾರವಿಲ್ಲದೆ ಸತ್ತ ಜೀವ ಅಲೆಯುತ್ತದೆ, ಅಸ್ಥಿಗೆ ಗತಿ ಕಾಣಿಸಿದರೆ ಶಾಂತವಾಗುತ್ತದೆ ಎಂಬ ನಂಬಿಕೆ ಜಪಾನಿನಲ್ಲೂ ಇದೆ, ನಮ್ಮಲ್ಲೂ ಇದೆ. ಲೇಖಕರು ಹೊಂಚು ಹಾಕಿದ್ದು ಆ ನಂಬಿಕೆಯ ಬೆನ್ನಿಗೆ.

ಮರುದಿನ ರ್ಯೂಜಿ ಸತ್ತಾಗ ರೇಕೊ ಕೇಳಿಕೊಳ್ಳುವ ಪ್ರಶ್ನೆ ಸರಿಯಾದದ್ದು: ನಾನು ಮಾಡಿ ಇವನು ಮಾಡದೇ ಇದ್ದದ್ದೇನು? ಪ್ರತಿ ಮಾಡಿದ್ದು, ಬೇರೊಬ್ಬರಿಗೆ ತೋರಿಸಿದ್ದು. ಇದು ಮೊದಲ ಸುಳಿವು, ಮೊದಲಾರ್ಧದಲ್ಲೇ ಬಂದುಹೋಗಿದೆ. ಎರಡನೆಯದು ಕ್ಯಾಸೆಟ್‌ನೊಳಗೇ ಇದೆ: ತಲೆಯ ಮೇಲೆ ಬಟ್ಟೆ ಹೊದ್ದು ಬೆರಳು ತೋರಿಸುತ್ತಾ ನಿಂತ ಒಂದು ಆಕೃತಿ. ಆಗ ಅದಕ್ಕೆ ಅರ್ಥವೇ ಇಲ್ಲ. ಕೊನೆಗೆ ಟಿವಿ ಗಾಜಿನ ಪ್ರತಿಬಿಂಬದಲ್ಲಿ ಅಂಥದೇ ಆಕೃತಿ ಕಾಣಿಸಿಕೊಂಡು ಪ್ರತಿ ಇರುವ ಚೀಲದ ಕಡೆ ಕೈ ತೋರಿಸುತ್ತದೆ. ನಿಮ್ಮ ದೂರು ನಿಲ್ಲುವುದಿಲ್ಲ. ಆದರೆ ಸುಳಿವುಗಳನ್ನು ಇಷ್ಟು ಮೆಲ್ಲಗೆ ಇಟ್ಟಿದ್ದಾರೆ ಎಂಬ ದೂರು ಕೊಟ್ಟರೆ ಒಪ್ಪಬಹುದು.

ಇನ್ನೊಂದು ಮಾತು. ಸದಾಕೊ ಟಿವಿಯೊಳಗಿನಿಂದ ತೆವಳಿ ಹೊರಗೆ ಬರುವುದು ಇಡೀ ಚಿತ್ರದಲ್ಲಿ ಒಂದೇ ಸಲ, ಕೊನೆಯ ಭಾಗದಲ್ಲಿ. ಆರಂಭದಲ್ಲಿ ಸಾಯುವ ತೊಮೊಕೊ (ರೇಕೊಳ ಅಕ್ಕನ ಮಗಳು) ಏನು ಕಂಡಳೆಂದು ತೋರಿಸುವುದಿಲ್ಲ, ಅವಳ ಮುಖವನ್ನಷ್ಟೇ ತೋರಿಸುತ್ತಾರೆ. ಆ ಖಾಲಿ ಜಾಗವನ್ನು ಒಂದು ಗಂಟೆಗೂ ಮೇಲ್ಪಟ್ಟು ಕಾಯ್ದಿಟ್ಟದ್ದಕ್ಕೇ ಕೊನೆಯ ದೃಶ್ಯಕ್ಕೆ ಆ ಬಲ. ಆ ಅಸಹಜ ನಡಿಗೆಗಾಗಿ, ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿ ಕಲಿತಿದ್ದ ನಟಿ ರಿಯೆ ಇನೊ ಅವರನ್ನು ಹಿಂದಕ್ಕೆ ನಡೆಸಿ, ಚಿತ್ರಿಸಿದ್ದನ್ನು ತಿರುಗಾಮುರುಗಾ ಓಡಿಸಿದರು. ಕ್ಲೋಸಪ್‌ನಲ್ಲಿ ಕಾಣುವ ಕಣ್ಣು ಮಾತ್ರ ಅವರದಲ್ಲ, ರೆಪ್ಪೆಗೂದಲು ಕಿತ್ತ ಒಬ್ಬ ಸಹಾಯಕ ನಿರ್ದೇಶಕರದು.

ಪ್ರಶ್ನೆ: ಸದಾಕೊಳ ಅಮ್ಮ ಶಿಜುಕೊ ಸಭೆಯಲ್ಲಿ ಅತೀಂದ್ರಿಯ ಶಕ್ತಿ ಪ್ರದರ್ಶಿಸುವ ಭಾಗ ನಿಜವಾಗಿ ನಡೆದದ್ದೇ? ಅದು ಕಥೆಗೆ ಬೇಕಿತ್ತೇ? (ಬೆಂಗಳೂರು)

ಆ ಪಾತ್ರಕ್ಕೆ ಇತಿಹಾಸದ ನೆರಳಿದೆ. ಮಿಫುನೆ ಚಿಜುಕೊ ಎಂಬಾಕೆಯ ದಿವ್ಯದೃಷ್ಟಿಯನ್ನು ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫುಕುರಾಯಿ ತೊಮೊಕಿಚಿ 1910ರಲ್ಲಿ ವಿದ್ವಾಂಸರ ಮುಂದೆ ಪರೀಕ್ಷೆಗೆ ಒಡ್ಡಿದರು. ವಂಚನೆಯ ಶಂಕೆ ಎದ್ದಿತು, ಪತ್ರಿಕೆಗಳು ಬೆನ್ನುಹತ್ತಿದವು. 1911ರಲ್ಲಿ ಆಕೆ ವಿಷ ಸೇವಿಸಿ ಸತ್ತರು. ಚಿತ್ರದಲ್ಲಿ ಶಿಜುಕೊ ಓಶಿಮಾ ದ್ವೀಪದ ಮಿಹರಾ ಜ್ವಾಲಾಮುಖಿಗೆ ಹಾರುತ್ತಾಳೆ. ಸದಾಕೊಳ ರೂಪದ ಬೇರು ಇನ್ನೂ ಹಳೆಯದು. ಬಿಚ್ಚಿದ ಉದ್ದ ಕೂದಲು, ಬಿಳಿ ಬಟ್ಟೆ, ಅನ್ಯಾಯಕ್ಕೆ ಸಿಕ್ಕಿ ಸತ್ತ ಹೆಣ್ಣು ಎಲ್ಲವೂ ಕಬುಕಿ ರಂಗಭೂಮಿಯಲ್ಲಿ ಇದ್ದವು. ಬಾವಿಯಿಂದ ಏಳುವ ಓಕಿಕು ಎಂಬ ಸೇವಕಿಯ ಪ್ರೇತದ ಕಥೆ ಜಪಾನಿನಲ್ಲಿ ಮನೆಮಾತು.

ಬೇಕಿತ್ತೇ ಎಂದರೆ, ಬೇಕಿತ್ತು. ಆದರೆ ಚಿತ್ರದ ದುರ್ಬಲ ಕೀಲೂ ಅದೇ. ಅಲ್ಲಿಯವರೆಗೆ ಪ್ರತಿ ಮಾಹಿತಿಗೂ ರೇಕೊ ಬೆವರು ಸುರಿಸಿದ್ದಾಳೆ: ಮಸುಕಾದ ಫೋಟೊ, ವಸತಿಗೃಹದ ವಿಳಾಸ, ಕ್ಯಾಸೆಟ್‌ನೊಳಗಿನ ಆಡುಮಾತು. ಓಶಿಮಾದಲ್ಲಿ ಮಾತ್ರ ರ್ಯೂಜಿಗೆ ಅತೀಂದ್ರಿಯ ಶಕ್ತಿ ಇದೆ ಎಂಬ ಅನುಕೂಲದಿಂದ ಹಳೆಯದೆಲ್ಲ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಪುಕ್ಕಟೆ ಸಿಕ್ಕ ಮಾಹಿತಿಗೆ ತೂಕ ಕಡಿಮೆ. ಅದು ಗೊತ್ತಿದ್ದೇ ಇರಬೇಕು, ಆ ದರ್ಶನದೊಳಗೆ ಸದಾಕೊ ರೇಕೊಳ ಕೈ ಹಿಡಿದು, ಎಚ್ಚರವಾದ ಮೇಲೂ ಮಣಿಕಟ್ಟಿನಲ್ಲಿ ಗುರುತು ಉಳಿಯುವಂತೆ ಮಾಡಿ ಬೆಲೆ ತೆತ್ತಂತೆ ತೋರಿಸಿದ್ದಾರೆ. ಅರ್ಧ ರಿಪೇರಿ.

ಪ್ರಶ್ನೆ: ನಾವು ಕಾಲೇಜು ಗೆಳೆಯರು ಇಪ್ಪತ್ತು ನಿಮಿಷದ ದೆವ್ವದ ಕಿರುಚಿತ್ರ ಬರೆದಿದ್ದೇವೆ. ಓದಿದವರು ಮೊದಲ ಅರ್ಧ ಸುಮ್ಮನಿದ್ದು ಆಮೇಲೆ ನಗಲು ಶುರುಮಾಡಿದರು. ಸ್ಕ್ರಿಪ್ಟಿನಲ್ಲಿ ಏನು ಕೆಟ್ಟಿರಬಹುದು? (ಮೈಸೂರು)

ಬಹುಶಃ ನಿಮ್ಮ ದೆವ್ವ ಮನಸ್ಸಿಗೆ ಬಂದದ್ದು ಮಾಡುತ್ತಿದೆ. ಒಮ್ಮೆ ಬಾಗಿಲು ಬಡಿಯುತ್ತದೆ, ಒಮ್ಮೆ ಗೋಡೆ ದಾಟುತ್ತದೆ, ಒಮ್ಮೆ ದೀಪ ಆರಿಸುತ್ತದೆ, ನಾಯಕ ಓಡುವಾಗ ಕಾರು ಸ್ಟಾರ್ಟ್ ಆಗದಂತೆಯೂ ಮಾಡುತ್ತದೆ. ಗೋಡೆ ದಾಟಬಲ್ಲದ್ದು ಬಾಗಿಲು ಬಡಿಯುವುದೇಕೆ ಎಂದು ನೋಡುಗ ಕೇಳಿಕೊಂಡ ತಕ್ಷಣ ಭಯ ಹೋಗಿ ನಗು ಬರುತ್ತದೆ. ಕಳ್ಳಾಟ ಆಡುವವನ ಜೊತೆ ಇಸ್ಪೀಟಿಗೆ ಕೂತರೆ ಸೋಲಿನ ಭಯವೇ ಇರುವುದಿಲ್ಲ, ಬೇಸರ ಮಾತ್ರ.

ಸ್ಕ್ರಿಪ್ಟು ಪಕ್ಕಕ್ಕಿಟ್ಟು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ: ಯಾರನ್ನು ಹಿಡಿಯುತ್ತದೆ, ಯಾವಾಗ, ಏನು ಮಾಡಲಾರದು, ಏನು ಮಾಡಿದರೆ ಬಿಡುತ್ತದೆ. ‘ಏನು ಮಾಡಲಾರದು’ ಎಂಬುದೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. ಈಗ ಪ್ರತಿ ದೃಶ್ಯವನ್ನೂ ಚೀಟಿಗೆ ಹಿಡಿದು ನೋಡಿ. ಹೊಂದದ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ.

ಇಪ್ಪತ್ತು ನಿಮಿಷ ಎಂದರೆ ಪುಟಕ್ಕೆ ನಿಮಿಷದ ವಾಡಿಕೆಯಂತೆ ಸುಮಾರು ಇಪ್ಪತ್ತು ಪುಟ. ಅದರಲ್ಲಿ ಒಂದು ನಿಯಮ, ಅದನ್ನು ಮುರಿಯುವ ಒಂದು ತಪ್ಪು, ಅದರ ಒಂದು ಫಲ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚು ಹಿಡಿಸದು. ನಾಲ್ಕನೇ ಪುಟದೊಳಗೆ ನಿಯಮ ಗೊತ್ತಾಗಬೇಕು, ಯಾರೋ ಕೂತು ವಿವರಿಸುವುದರಿಂದಲ್ಲ, ಯಾರಿಗೋ ಆದದ್ದನ್ನು ಕಾಣುವುದರಿಂದ. ಹತ್ತರ ಆಸುಪಾಸಿನಲ್ಲಿ ಪಾತ್ರಕ್ಕೆ ಒಂದು ಪರಿಹಾರ ಹೊಳೆಯಲಿ. ಹದಿನಾಲ್ಕು ಹದಿನೈದರಲ್ಲಿ ಅದು ಫಲಿಸಿದಂತೆ ಕಾಣಲಿ. ಉಳಿದ ಪುಟಗಳು ಅದು ಫಲಿಸದಿದ್ದದ್ದೇಕೆ ಎಂಬುದಕ್ಕೆ. ಬೆಕ್ಕು ಹಾರಿತು, ಗೆಳೆಯ ಹೆಗಲು ಮುಟ್ಟಿದ ಎಂಬ ಹುಸಿ ಬೆಚ್ಚು ಇಷ್ಟು ಉದ್ದಕ್ಕೆ ಒಂದು ಸಾಕು. ಎರಡನೆಯದಕ್ಕೆ ನೋಡುಗ ತಯಾರಾಗಿರುತ್ತಾನೆ, ಮೂರನೆಯದಕ್ಕೆ ನಗುತ್ತಾನೆ. ದೆವ್ವದ ಹಿನ್ನೆಲೆ ಹೇಳುವ ಅಜ್ಜಿ ಇದ್ದರೆ ಅವಳ ಮಾತನ್ನು ಮೂರು ವಾಕ್ಯಕ್ಕೆ ಇಳಿಸಿ. ಸಾಧ್ಯವಾದರೆ ಅಜ್ಜಿಯನ್ನೇ ತೆಗೆದು, ಅವಳು ಹೇಳುವುದನ್ನು ಒಂದು ವಸ್ತುವಿನ ಮೇಲೆ ತನ್ನಿ.

ಪ್ರಶ್ನೆ: ‘ಆಪ್ತಮಿತ್ರ’ವನ್ನೂ ಇದೇ ಅಂಕಣಗಳಲ್ಲಿ ಬಿಡಿಸಬಹುದೇ? (ದಾವಣಗೆರೆ)

ಬಿಡಿಸಬಹುದು, ಆದರೆ ನಾಲ್ಕನೇ ಅಂಕಣದ ತಲೆಬರಹ ಬದಲಿಸಬೇಕು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಆಧರಿಸಿ 2004ರಲ್ಲಿ ಪಿ. ವಾಸು ಮಾಡಿದ ಚಿತ್ರ ಅದು. ಅಲ್ಲಿ ದೆವ್ವದ ನಿಯಮ ಏನು ಎಂಬುದಕ್ಕಿಂತ, ಇರುವುದು ದೆವ್ವವೋ ಮನೋರೋಗವೋ ಎಂಬುದೇ ಪ್ರಶ್ನೆ. ಹಾಗಾಗಿ ಪ್ರತಿ ಘಟನೆಗೂ ಎರಡು ವಿವರಣೆ ಬರೆಯಿರಿ. ಒಂದರಲ್ಲಿ ನಾಗವಲ್ಲಿಯ ಪ್ರೇತ, ಇನ್ನೊಂದರಲ್ಲಿ ಗಂಗಾಳ ಮನಸ್ಸು. ಎರಡೂ ಕೊನೆಯವರೆಗೆ ಸಮನಾಗಿ ನಿಂತರೆ ಚಿತ್ರಕಥೆ ಗಟ್ಟಿ. ಒಂದು ಕಡೆ ತಕ್ಕಡಿ ಬೇಗ ವಾಲಿದ್ದು ಕಂಡರೆ ಆ ನಿಮಿಷಕ್ಕೆ ಗುರುತು ಹಾಕಿ, ಚರ್ಚೆ ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ‘ರಿಂಗು’ ಮತ್ತು ಅದರ ಅಮೆರಿಕನ್ ರೂಪ, ಹೋಲಿಕೆಗೆ ಎರಡನ್ನೂ ನೋಡಬೇಕೇ? (ದುಬೈ)

ಸಮಯವಿದ್ದರೆ ನೋಡಿ. 2002ರ ಗೋರ್ ವರ್ಬಿನ್‌ಸ್ಕಿ ಚಿತ್ರ ಜಪಾನಿ ಚಿತ್ರಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹೆಚ್ಚು ಉದ್ದ. ಹೆಚ್ಚಾದ ಹೊತ್ತಿನಲ್ಲಿ ಬಹುಪಾಲು ಹುಡುಗಿಯ ಹಿನ್ನೆಲೆಯ ವಿವರಣೆಗೆ, ಕುದುರೆಗಳ ಪ್ರಸಂಗಕ್ಕೆ ಹೋಗಿದೆ. ಮೂಲ ಕಟ್ಟಡ ಅದೇ: ಗಡುವು, ಪ್ರತಿ, ಬಾವಿ, ಸುಳ್ಳು ಗೆಲುವು. ಮೊದಲು ಜಪಾನಿ ಚಿತ್ರ ನೋಡಿ. ಹಿಂದುಮುಂದಾದರೆ ಬಾವಿಯ ತಿರುವು ಮೊದಲೇ ಗೊತ್ತಾಗಿ, ಎರಡೂ ಹಾಳು.